ಹಿಮ ಕರಗುವ ಮುನ್ನವೇ



ನೆರೆ ಎಂದರೆ ನಮಗೆ ಮಳೆಗಾಲದ ಮಾತು. ಬಿಸಿಲೇರಿದ್ದಕ್ಕೇ ಹೊಳೆ ಉಕ್ಕುವ ನಾಡೂ ಒಂದಿದೆ ಎಂದರೆ ನಂಬುತ್ತೀರಾ? ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತ ಅಂಥದು. ಅಲ್ಲಿಯೂ ಜಿಗುಟಾದ ಕರಿಮಣ್ಣು. ಗೋಧಿ ಬೆಳೆಯುವ ಒಕ್ಕಲು ಮಕ್ಕಳು. ಚಳಿಗಾಲವೆಲ್ಲ ಹೊಲದ ಮೇಲೆ ಹಿಮ ಬಿದ್ದು ಕೂಡುತ್ತದೆ. ಏಪ್ರಿಲ್ ಬಂತೆಂದರೆ ಅದು ಕರಗಿ ರೆಡ್ ನದಿಗೆ ಇಳಿಯುತ್ತದೆ.

ಈ ನದಿ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ. ದಕ್ಷಿಣದಲ್ಲಿ ಬೇಗ ಬಿಸಿಲು ಬಿದ್ದು ನೀರು ಹೊರಡುತ್ತದೆ. ಮುಂದೆ ಉತ್ತರದಲ್ಲಿ ನದಿ ಇನ್ನೂ ಹೆಪ್ಪುಗಟ್ಟಿರುತ್ತದೆ. ನೆಲವೋ ಹರಿವಾಣದಂತೆ ಸಪಾಟು. ಒಳಗೂ ಗಡ್ಡೆಕಟ್ಟಿ, ನೀರು ಕುಡಿಯದು. ಇನ್ನು ನೀರು ಎಲ್ಲಿಗೆ ಹೋದೀತು? ಹೊಲದ ಮೇಲೆ ಹರಡುತ್ತದೆ.

1950ರಲ್ಲಿ ವಿನಿಪೆಗ್ ನಗರಕ್ಕೆ ನೀರು ನುಗ್ಗಿ ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟರು. ನೀರು ಇಳಿಯಿತು; ಸರಕಾರ ಮಾತ್ರ ಅದನ್ನು ಮರೆಯಲಿಲ್ಲ. ಮುಂದೆ ಪ್ರಾಂತದ ಮುಖ್ಯಮಂತ್ರಿಯಾದ ಡಫ್ ರಾಬ್ಲಿನ್ ಅವರು, ನದಿಯ ಹೆಚ್ಚಿನ ನೀರನ್ನು ನಗರದ ಹೊರಗಿನಿಂದ ಸಾಗಿಸಲು 47 ಕಿಲೋಮೀಟರ್ ಕಾಲುವೆ ತೋಡಿಸಿದರು. ‘ಡಫ್ಫನ ಹಳ್ಳ’ ಎಂದು ಜನ ಹಾಸ್ಯ ಮಾಡಿದರು. 1962ರಲ್ಲಿ ಮೊದಲಾದ ಕೆಲಸ 1968ಕ್ಕೆ ಮುಗಿಯಿತು. ನದಿ ದಂಡೆಯ ಹಲವು ಊರುಗಳಿಗೆ ಬಳೆ ತೊಡಿಸಿದಂತೆ ಸುತ್ತಲೂ ಮಣ್ಣಿನ ಒಡ್ಡು ಹಾಕಿಸಿದರು.

ಇಷ್ಟೇ ಅಲ್ಲ. ಪ್ರತಿ ವರ್ಷ ಹಿಮ ಕರಗುವ ಮುನ್ನ ಅಳತೆ ನಡೆಯುತ್ತದೆ. ಹಿಮದೊಳಗೆ ಕೊಳವೆ ಇಳಿಸಿ, ತುಂಬಿದ್ದನ್ನು ತೂಗಿ, ಅದರಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕುತ್ತಾರೆ. ಹಿಂದಿನ ಶರತ್ಕಾಲದಲ್ಲಿ ಮಣ್ಣಿಗೆ ಎಷ್ಟು ತೇವ ಇತ್ತೆಂಬುದನ್ನೂ ನೋಡುತ್ತಾರೆ. ಅದರ ಮೇಲೆ ಮುನ್ಸೂಚನೆ ಹೊರಡುತ್ತದೆ.

1997ರಲ್ಲಿ ಪರೀಕ್ಷೆ ಬಂತು. ಏಪ್ರಿಲ್ ಮೊದಲ ವಾರ ಭಾರಿ ಹಿಮಗಾಳಿ ಬೀಸಿ, ಇದ್ದ ಹಿಮದ ಮೇಲೆ ಮತ್ತಷ್ಟು ಹೇರಿತು. ಸೈನ್ಯ ಬಂತು, ಮರಳು ಚೀಲ ಪೇರಿಸಿದರು, ನಗರದ ನೈಋತ್ಯ ಮೂಲೆಯಿಂದ ನೀರು ನುಗ್ಗದಂತೆ ಕೆಲವೇ ದಿನಗಳಲ್ಲಿ ಉದ್ದನೆಯ ಒಡ್ಡು ಎಬ್ಬಿಸಿದರು. ಹಾಸ್ಯಕ್ಕೆ ಗುರಿಯಾಗಿದ್ದ ಆ ಹಳ್ಳವೇ ವಿನಿಪೆಗ್ ನಗರವನ್ನು ಉಳಿಸಿತು.

ಆದರೆ ಸೇಂಟ್ ಅಗಾಥ್ ಎಂಬ ಹಳ್ಳಿ ಉಳಿಯಲಿಲ್ಲ. ಅದಕ್ಕೆ ಸುತ್ತೊಡ್ಡು ಇರಲಿಲ್ಲ. ಎಲ್ಲರ ಕಣ್ಣೂ ನದಿಯ ಕಡೆ. ನೀರು ಬಂದದ್ದು ಬೆನ್ನ ಹಿಂದಿನ ಹೊಲಗಳ ಮೇಲಿಂದ! ಕಾಲುವೆಯ ಬಾಗಿಲು ಎತ್ತಿದಾಗ ನೀರು ಹಿಂದಕ್ಕೆ ಒತ್ತಿ, ಮೇಲ್ಭಾಗದ ರೈತರ ಮನೆಗಳಿಗೆ ತೊಂದರೆ ಹೆಚ್ಚಾಯಿತೆಂಬ ದೂರೂ ಎದ್ದಿತು. ಪಟ್ಟಣ ಉಳಿಸಲು ಹಳ್ಳಿ ನೆನೆಯಬೇಕೇ? ನ್ಯಾಯವಾದ ಪ್ರಶ್ನೆಯೇ. ನಂತರ ಆ ಹಳ್ಳಿಗೂ ಸುತ್ತೊಡ್ಡು ಬಂತು, ಮನೆಗಳ ಅಡಿಪಾಯ ಎತ್ತರಿಸಲು ನೆರವು ಸಿಕ್ಕಿತು, ಕಾಲುವೆಯಿಂದಾದ ನಷ್ಟಕ್ಕೆ ಪರಿಹಾರದ ಕಾನೂನೂ ಆಯಿತು.

2019ರ ಆಗಸ್ಟ್ ತಿಂಗಳನ್ನು ಕಂಡ ನಮ್ಮ ಕೃಷ್ಣಾ, ಮಲಪ್ರಭಾ ದಂಡೆಯವರಿಗೆ ಇದರಲ್ಲಿ ಪಾಠವಿದೆ. ನೀರು ಎಲ್ಲಿಯವರೆಗೆ ಏರಿತ್ತೋ ಆ ಗುರುತನ್ನು ಗೋಡೆಯ ಮೇಲೆ ಅಳಿಸದೆ ಉಳಿಸಿ. ಹೊಳೆಯನ್ನಷ್ಟೇ ಅಲ್ಲ, ಊರ ಹಿಂದಿನ ಹಳ್ಳವನ್ನೂ ನೋಡಿ. ದನಕರು ಕಟ್ಟಲು ದಿಬ್ಬ ಯಾವುದು, ಬೀಜದ ಚೀಲ, ಪಹಣಿ ಪತ್ರ ಇಡುವುದೆಲ್ಲಿ ಎಂಬುದನ್ನು ಬೇಸಿಗೆಯಲ್ಲೇ ಗೊತ್ತುಮಾಡಿ. ಗ್ರಾಮಸಭೆಯಲ್ಲಿ ಒಡ್ಡಿನ ಮಾತನ್ನು ಎತ್ತುವ ಕಾಲವೂ ಅದೇ. ನೆರೆಯ ಕೆಲಸ ನೆಲ ಒಣಗಿರುವಾಗಲೇ ಆಗಬೇಕು.