ಗುಜರಿ ಟ್ರಾನ್ಸ್‌ಫಾರ್ಮರ್: ತೂಕ ನೋಡಿ ತರಬೇಡಿ

ನಾನು ಕಾಕ್ಕನಾಡ್‌ನ ಇನ್ಫೋಪಾರ್ಕ್‌ನಲ್ಲಿ ಕೋಡ್ ಬರೆಯೋನು, ಮನೆ ಏಲೂರ್‌ನಲ್ಲಿ. ಫ್ಯಾಕ್ಟ್ ಗೊಬ್ಬರ ಕಾರ್ಖಾನೆ 1947ರಿಂದ ಇಲ್ಲಿದೆ. ಕಾರ್ಖಾನೆಗಳ ಊರಲ್ಲಿ ಗುಜರಿ ಅಂಗಡಿಗೆ ಬರ ಇಲ್ಲ. ಇಲ್ಲಿಯವರು ಅದಕ್ಕೆ ‘ಆಕ್ರಿಕಡ’ ಅಂತಾರೆ.

ಶಿರಸಿಯಿಂದ ತಂದ ಅಜ್ಜನ ವಾಲ್ವ್ ರೇಡಿಯೋದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಬೇಕಾಗಿದ್ದು 250-0-250 ವೋಲ್ಟ್, ಜೊತೆಗೆ ವಾಲ್ವ್ ಕಾಯಿಸೋಕೆ 6.3 ವೋಲ್ಟ್. ಸಿಕ್ಕಿದ್ದು ಮೈಕ್ರೋವೇವ್ ಓವನ್‌ದು. ಗಟ್ಟಿಮುಟ್ಟು, ಅಗ್ಗ. ‘ವೋಲ್ಟೇಜ್ ಇಳಿಸ್ಕೊಂಡ್ರಾಯ್ತು, ಮನೇಲಿ ಆರ್‌ಸಿಸಿಬಿ ಇದೆಯಲ್ಲ’ ಅಂದ್ಕೊಂಡೆ. ಎಂಟೆಕ್ ಧೈರ್ಯ!

ಪ್ಲಗ್ ಹಾಕೋ ಮುಂಚೆ ಪುಣ್ಯಕ್ಕೆ ಸರ್ಕ್ಯೂಟ್ ಬರೆದು ನೋಡಿದೆ. ಬೆವರು ಬಂತು. ಆರ್‌ಸಿಸಿಬಿ ನೋಡೋದು ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಮಾತ್ರ. ಸೆಕೆಂಡರಿ ಬೇರೆಯೇ ಸುತ್ತು. ಅಲ್ಲಿ ನನಗೆ ಶಾಕ್ ಹೊಡೆದರೂ ಪ್ರೈಮರಿಯಲ್ಲಿ ಹೋದದ್ದು, ಬಂದದ್ದು ಸಮ. ಟ್ರಿಪ್ ಆಗೋದೇ ಇಲ್ಲ.

ಓವನ್ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್‌ನಲ್ಲಿ ನೂರಾರು ಮಿಲಿಆಂಪ್ ಕೊಡುತ್ತೆ. ಸೆಕೆಂಡರಿಯ ಒಂದು ತುದಿ ಕೋರ್‌ಗೇ ಕೂಡಿರುತ್ತೆ. ಪ್ರಾಣ ಹೋಗೋಕೆ ಎದೆಯ ಮೂಲಕ ಹತ್ತಾರು ಮಿಲಿಆಂಪ್ ಹರಿದರೆ ಸಾಕು. ಇದನ್ನೇ ಬಳಸಿ ಮರದ ಮೇಲೆ ಮಿಂಚಿನ ಚಿತ್ತಾರ ಸುಡಲು ಹೋಗಿ ಅಮೆರಿಕದಲ್ಲಿ ಹಲವರು ಸತ್ತಿದ್ದಾರೆ. ಇನ್ನು ಓವನ್ ಒಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಚಾರ್ಜ್ ಹಿಡಿದಿರುತ್ತೆ. ಹಾಗಾಗಿ ಬಿಚ್ಚಲೇಬೇಡಿ.

ಹಾಗಾದ್ರೆ ಆರಿಸೋದು ಹೇಗೆ? ಮೊದಲು ಅದು ಯಾವ ಸೆಟ್‌ನಿಂದ ಬಂತು ಕೇಳಿ. ರೇಡಿಯೋಗೆ ರೇಡಿಯೋದ್ದೇ ಸರಿ. ಸುಟ್ಟ ವಾರ್ನಿಷ್ ವಾಸನೆ ಬಂದರೆ ಅಲ್ಲೇ ಬಿಡಿ. ಮಲ್ಟಿಮೀಟರ್ ಹಿಡಿದರೆ ಮಧ್ಯದ ತಂತಿಯಿಂದ ಎರಡೂ ಪಕ್ಕ ಹೆಚ್ಚುಕಮ್ಮಿ ಒಂದೇ ಓಮ್ ಬರಬೇಕು. ಕೊಚ್ಚಿಯ ಮಳೆಗೆ ಒಳಗಿನ ಕಾಗದ ತೇವ ಕುಡಿದಿರುತ್ತೆ. ನಾಲ್ಕು ದಿನ ಬಿಸಿಲಿಗಿಟ್ಟು, ಆಮೇಲೆ ಸುತ್ತುಗಳಿಗೂ ಕೋರ್‌ಗೂ ನಡುವೆ 500 ವೋಲ್ಟ್ ಮೆಗ್ಗರ್ ಹಾಕಿಸಿ. ಕೊನೆಗೆ ಸೆಕೆಂಡರಿ ತುದಿಗಳಿಗೆಲ್ಲ ಟೇಪ್ ಸುತ್ತಿ, 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಪ್ರೈಮರಿಗೆ ಸೀರೀಸ್ ಕೊಟ್ಟು ಕರೆಂಟ್ ಹಾಕಿ. ಬಲ್ಬ್ ಮಿಣುಕಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್, ವಾಪಸ್ ಕೊಡಿ.

ಇಷ್ಟೆಲ್ಲ ಪಾಸಾದರೂ 250 ವೋಲ್ಟ್ ಆಟದ ಸಾಮಾನಲ್ಲ. ಪ್ರೈಮರಿಗೆ ಫ್ಯೂಸ್, ಕೋರ್‌ಗೆ ಅರ್ಥಿಂಗ್ ಇರಲಿ. ಒಬ್ಬರೇ ಇದ್ದಾಗ ಮುಟ್ಟಬೇಡಿ.

ನಂಗೆ ಸರಿಯಾದ್ದು ಸಿಗೋಕೆ ನಾಲ್ಕು ತಿಂಗಳು ಬೇಕಾಯ್ತು. ಈಗ ಅಜ್ಜನ ರೇಡಿಯೋ ಕರಕರ ಅಂತ ಮಲಯಾಳಂ ವಾರ್ತೆ ಹೇಳುತ್ತೆ. ಕೇಳೋಕೆ ನಾನಿದ್ದೀನಿ, ಅದು ಮುಖ್ಯ.