ಸ್ವಾತಂತ್ರ್ಯೋತ್ಸವಕ್ಕೆ ಮನೆಯ ತೋರಣ
(ಜೂಜುವಾಡಿಯ ಪೋಷಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಆಗಸ್ಟ್ 15 ಹತ್ತಿರ ಬಂದಿದೆ. ನಮ್ಮ ಊರಿನ ಒಂದು ಪಕ್ಕ ಅತ್ತಿಬೆಲೆ, ಇನ್ನೊಂದು ಪಕ್ಕ ಹೊಸೂರು. ಎರಡು ಕಡೆಯ ಅಂಗಡಿಗಳಲ್ಲೂ ಅಲಂಕಾರದ ಸಾಮಾನು ತೂಗಾಡುತ್ತದೆ. ಮಕ್ಕಳು ಕೇಳುತ್ತಾರೆ, ನೀವು ಕೊಡಿಸುತ್ತೀರಿ. ಒಂದು ವರ್ಷ ಆಗಸ್ಟ್ 16ರ ಬೆಳಿಗ್ಗೆ ಶಾಲೆಗೆ ಬರುವಾಗ ದಾರಿಯಲ್ಲಿ ಬಿದ್ದಿದ್ದ ಪುಟ್ಟ ಬಾವುಟಗಳನ್ನು ಆರಿಸುತ್ತಾ ಬಂದೆ. ಕೈಚೀಲ ತುಂಬಿತು. ಅಂದಿನಿಂದ ಈ ಮಾತು ನಿಮ್ಮ ಮುಂದೆ ಹೇಳಬೇಕೆಂದಿದ್ದೆ.

ಮೊದಲು, ಮಾಡಬಾರದ ಕೆಲಸ. 2002ರ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜವನ್ನು ತೋರಣವಾಗಿಯೋ ಅಲಂಕಾರವಾಗಿಯೋ ಬಳಸುವಂತಿಲ್ಲ. ಬಣ್ಣದ ಚೂರುಗಳನ್ನು ಧ್ವಜದಂತೆ ಕಾಣುವ ಹಾಗೆ ಜೋಡಿಸುವುದೂ ತಪ್ಪು. ನಾವೆಲ್ಲ ವರ್ಷಗಟ್ಟಲೆ ಮಾಡಿದ್ದು ಅದನ್ನೇ, ನಾನೂ ಸೇರಿದಂತೆ! ಮಕ್ಕಳು ಕೈಯಲ್ಲಿ ಕಾಗದದ ಬಾವುಟ ಹಿಡಿಯಬಹುದು. ಆದರೆ ನೆಲಕ್ಕೆ ಎಸೆಯಬಾರದು. ಪ್ಲಾಸ್ಟಿಕ್ ಬಾವುಟವನ್ನು ತಮಿಳುನಾಡು 2019ರ ಜನವರಿ 1ರಿಂದ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿವೆ. ಅಲಂಕಾರದ ಥರ್ಮಾಕೋಲ್ ಕೂಡ ಕೇಂದ್ರದ ಪಟ್ಟಿಯಲ್ಲಿದೆ. ಮನೆಗೆ ಒಂದೇ ಬಾವುಟ ಸಾಕು, ಅದು ಒಳ್ಳೆಯದಿರಲಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಹೊಲಿಯುವ ಬಾವುಟ ದೇಶವೆಲ್ಲ ಹೋಗುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿ.

ಹಾಗಾದರೆ ಅಲಂಕಾರ ಯಾವುದು? ಮಾವಿನೆಲೆ ತೋರಣ ಇದ್ದೇ ಇದೆ. ಚೆಂಡುಹೂವು ನಮ್ಮ ಸುತ್ತಮುತ್ತ ಬೆಳೆಯುವುದೇ. ಕಾಗದದ ಸರಪಳಿಗೆ ಹಳೆಯ ನೋಟ್‌ಬುಕ್ ಸಾಕು. ಒಂದಂಗುಲ ಅಗಲದ ಪಟ್ಟಿ ಕತ್ತರಿಸಿ ಉಂಗುರ ಮಾಡಿ, ಒಂದರೊಳಗೊಂದು ಕೋದು ಅಂಟಿಸಿ. ಸುಮಾರು 60 ಉಂಗುರಕ್ಕೆ ಹತ್ತು ಅಡಿ ಸರ ಬರುತ್ತದೆ. ಎಂಟು ಹಾಳೆ ಬೇಕಾಗಬಹುದು. ಬಣ್ಣ ಬೇಕೆಂದರೆ ಹಾಳೆಗೆ ಅರಿಶಿನದ ನೀರು ಬಳಿದು, ಅದರ ಮೇಲೆ ಎಲೆಅಡಿಕೆಯ ಸುಣ್ಣದ ತಿಳಿನೀರು ಸವರಿ. ಹಳದಿ ಕೆಂಪಗೆ ತಿರುಗುತ್ತದೆ. ವಿಜ್ಞಾನದ ಪಾಠವೂ ಆಯಿತು. ಸುಣ್ಣದ ಕೆಲಸ ಮಾತ್ರ ದೊಡ್ಡವರದು. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ಹಿಂದಿನ ದಿನ ಮಾಡಿದರೆ ಸರಿ. ಅಂಟಿಗೆ ಮೈದಾವನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕಾಯಿಸಿ. ಹುಳಿಯಬಾರದೆಂದು ಹಿಂದೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಬೇಡ. ಅಂದಂದಿನ ಅಂಟು ಅಂದೇ ಮಾಡಿಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ವಿಚಾರಿಸಿದ ಅಂಗಡಿಗಳಲ್ಲಿ ಅಚ್ಚಾದ ಬರಹ ತಮಿಳಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಇರಲಿಲ್ಲ. ಗಡಿಯಾಚೆ ಸಿಕ್ಕಿದ್ದರಲ್ಲಿ ‘ಸ್ವಾತಂತ್ರ ದಿನ’ ಎಂದಿತ್ತು. ಯ ಒತ್ತು ಮಾಯ! ಆದ್ದರಿಂದ ಅಕ್ಷರಗಳನ್ನು ನಾವೇ ಕತ್ತರಿಸೋಣ. ‘ಸ್ವಾತಂತ್ರ್ಯ ದಿನೋತ್ಸವ’ ಎಂದರೆ ಏಳು ಅಕ್ಷರ. ಒಂದೊಂದು ಅಕ್ಷರ ಒಂದೊಂದು ಮನೆಗೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಂಟಂಗುಲ ಎತ್ತರಕ್ಕೆ ಬರೆಯಿರಿ, ಒತ್ತಕ್ಷರಕ್ಕೆ ಕೆಳಗೆ ನಾಲ್ಕಂಗುಲ ಜಾಗ ಬಿಡಿ. ‘ತಂ’ ಅಕ್ಷರದ ಸೊನ್ನೆ ಬೇರೆಯಾಗಿ ಉದುರುತ್ತದೆ, ಹಿಂದೆ ಒಂದು ಹಾಳೆ ಅಂಟಿಸಲೇಬೇಕು. ‘ತ್ರ್ಯ’ ಎಲ್ಲಕ್ಕಿಂತ ಕಷ್ಟ: ತಕಾರಕ್ಕೆ ರ ಒತ್ತು, ಅದರ ಜೊತೆಗೆ ಯ ಒತ್ತು.

ಹೋದ ಸಲ ಆ ಅಕ್ಷರ ಸಿಕ್ಕ ಮನೆಯ ತಾಯಿ, “ನಾನು ಕನ್ನಡ ಬರೆದು ಇಪ್ಪತ್ತು ವರ್ಷ ಆಯಿತು ಮೇಷ್ಟ್ರೇ” ಎಂದು ಹಿಂಜರಿದರು. ಅವರು ಓದಿದ್ದು ಐದನೇ ತರಗತಿ, ಕನ್ನಡದಲ್ಲೇ. ಮೂರು ಸಲ ಕೆಡಿಸಿ ನಾಲ್ಕನೇ ಸಲ ಮಗಳೊಂದಿಗೆ ಕೂತು ಸರಿಯಾಗಿ ಕತ್ತರಿಸಿ ತಂದರು. ಆ ಹುಡುಗಿ ಮತ್ತೆ ಆ ಪದವನ್ನು ತಪ್ಪು ಬರೆದಿಲ್ಲ. ತಾಯಿ ಈಗ ಅವಳ ನೋಟ್‌ಬುಕ್ ತೆರೆದು ನೋಡುತ್ತಾರೆ.

2006ರ ಕಾಯ್ದೆಯ ನಂತರ ನಮ್ಮ ಮಕ್ಕಳು ತಮಿಳನ್ನೂ ಕಡ್ಡಾಯವಾಗಿ ಕಲಿಯುತ್ತಾರೆ. ಕಲಿಯಲಿ, ಬದುಕುವ ನೆಲದ ಭಾಷೆ. ಆದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಆ ವಿಧಿಯನ್ನು ಕೇಳಲು ಕಚೇರಿಗೆ ಹೋಗುವ ನಾವು, ನಮ್ಮ ಮನೆಯ ಗೋಡೆಯ ಮೇಲೆ ಒಂದು ಕನ್ನಡ ಅಕ್ಷರವೂ ಇಲ್ಲದಿದ್ದರೆ ಏನೆಂದು ಕೇಳುವುದು? ಕನ್ನಡದ ಕೆಳಗೆ ತಮಿಳಿನಲ್ಲೂ ಬರೆಸಿ, ನೆರೆಯವರೂ ಓದಲಿ. ಪಕ್ಕದಲ್ಲಿ ರಾಜಾಜಿಯವರ ಒಂದು ಚಿತ್ರ ಇರಲಿ. ಅವರು 1878ರಲ್ಲಿ ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ.

ಸಭೆ ಮುಗಿದ ಮೇಲೆ ಅಕ್ಷರದ ಚೀಟಿ ಎತ್ತೋಣ. ಕತ್ತರಿಸಿದ್ದನ್ನು 13ರ ಸಂಜೆಯೊಳಗೆ ತಂದುಕೊಡಿ. ಮಳೆ ಬಂದರೆ ಜಗಲಿಯ ಒಳಗೆ ಕಟ್ಟುತ್ತೇವೆ. ಏಣಿ ಇರುವವರು ದಯವಿಟ್ಟು ಈಗಲೇ ಹೇಳಿ.