ಬರೆಯಲಾಗದಿದ್ದರೆ ಹಾಗೆಂದು ಹೇಳಬೇಕು



ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ಎಂದರೆ ಏನು ಕೆಲಸ ಎಂದು ಬೆಳಿಗ್ಗೆಯಿಂದ ಹಲವರು ಕೇಳಿದಿರಿ. ನಾನು ಮಾಡಿದ ಒಂದು ತಪ್ಪನ್ನೇ ಹೇಳಿ ವಿವರಿಸುತ್ತೇನೆ.

ನಿಮ್ಮ ಮೊಬೈಲಿನೊಳಗೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಇದೆ. ಅಮೆರಿಕದ ರಿಚರ್ಡ್ ಹಿಪ್ 2000ರಲ್ಲಿ ಹೊರತಂದದ್ದು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಇದರಲ್ಲಿ ಇಡೀ ಲೆಕ್ಕ ಒಂದೇ ಫೈಲಿನಲ್ಲಿರುತ್ತದೆ. ಆ ಫೈಲನ್ನು ‘ಓದಲು ಮಾತ್ರ’ ಎಂದು ಬಿಗಿ ಮಾಡಬಹುದು. ಗಾಜಿನ ಬಾಗಿಲಿಗೆ ಬೀಗ ಹಾಕಿದ ಸೂಚನಾ ಫಲಕದಂತೆ: ಓದಬಹುದು, ತಿದ್ದುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯ ಲೆಕ್ಕದ ಪ್ರೋಗ್ರಾಂ ಪರೀಕ್ಷಿಸಿ ‘ಸರಿಯಿದೆ’ ಎಂದಿದ್ದೆ. ಆಮೇಲೆ ಅಲ್ಲಿ ಕಂಪ್ಯೂಟರ್ ಬದಲಿಸಿದರು. ಹೊಸದಕ್ಕೆ ಹಾಕುವಾಗ ಫೈಲು ‘ಓದಲು ಮಾತ್ರ’ ಆಗಿಬಿಟ್ಟಿತ್ತು. ಹಳೆಯ ಬಾಕಿಗಳೆಲ್ಲ ಕಾಣುತ್ತಿದ್ದವು. ಹೊಸದು ಬರೆದರೆ ‘ಉಳಿಸಲಾಗಿದೆ’ ಎಂಬ ಉತ್ತರವೂ ಬರುತ್ತಿತ್ತು. ಸಂಜೆ ನೋಡಿದರೆ ಇಡೀ ದಿನದ ಲೆಕ್ಕವೇ ಇಲ್ಲ! ಡೇಟಾಬೇಸ್ ಸುಳ್ಳು ಹೇಳಿರಲಿಲ್ಲ. ‘ಬರೆಯಲಾಗದು’ ಎಂದು ಪ್ರತಿ ಸಲವೂ 8ನೇ ಸಂಖ್ಯೆಯ ದೋಷ ತಿಳಿಸಿತ್ತು. ನಮ್ಮ ಪ್ರೋಗ್ರಾಂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ನಾನು ಪರೀಕ್ಷಿಸಿರಲೂ ಇಲ್ಲ.

ಈಗ ತಪ್ಪದೆ ಪರೀಕ್ಷಿಸುತ್ತೇನೆ. ಫೈಲನ್ನು ಬಿಗಿ ಮಾಡಿ ಓದಿಸುತ್ತೇನೆ, ಓದಬೇಕು. ಬರೆಸುತ್ತೇನೆ, ತೆರೆಯ ಮೇಲೆ ದೋಷ ಕಾಣಬೇಕು. ಆಮೇಲೆ ಫೈಲನ್ನು ಬಿಟ್ಟು, ಅದಿರುವ ಫೋಲ್ಡರನ್ನು ಮಾತ್ರ ಬಿಗಿ ಮಾಡುತ್ತೇನೆ. ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ತಿದ್ದುವ ಮುನ್ನ ಹಳೆಯದನ್ನು ಪಕ್ಕದಲ್ಲೇ ಇನ್ನೊಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಜಾಗವಿಲ್ಲದಿದ್ದರೆ ಆಗಲೂ ಬರೆಯಲಾರದು. ಬರೆಯುವಾಗ ಕರೆಂಟು ಹೋಗಿ ಅರ್ಧಕ್ಕೆ ನಿಂತ ಫೈಲನ್ನು ಬಿಗಿ ಮಾಡಿದರೆ, ಆ ಅರ್ಧವನ್ನು ಅಳಿಸಲಾಗದ ಕಾರಣ ಓದಲೂ ಬಿಡುವುದಿಲ್ಲ. ಇನ್ನೊಂದು ಎಚ್ಚರಿಕೆ: ಲಿನಕ್ಸ್‌ನಲ್ಲಿ ‘ರೂಟ್’ ಬಳಕೆದಾರನಾಗಿ ಪರೀಕ್ಷಿಸಬಾರದು. ಹೆಡ್‌ಮೇಷ್ಟ್ರ ಕೈಯಲ್ಲಿ ಎಲ್ಲ ಬೀಗದ ಕೈ ಇರುವಂತೆ ಅವನಿಗೆ ಈ ಬಿಗಿ ಲೆಕ್ಕಕ್ಕಿಲ್ಲ, ಪರೀಕ್ಷೆಯೇ ಮೋಸವಾಗುತ್ತದೆ.

ಇದೇ ಶಾಲೆಯಲ್ಲಿ ಮನೆಗೆಲಸ ಮಾಡಿಲ್ಲವೆಂದರೆ ಮೇಷ್ಟ್ರು ಗದರುತ್ತಿದ್ದರು. ಮಾಡದೆ ‘ಮಾಡಿದ್ದೇನೆ ಸಾರ್’ ಎಂದರೆ ಮಾತ್ರ ಬೆತ್ತ ತೆಗೆಯುತ್ತಿದ್ದರು. ಆ ವ್ಯತ್ಯಾಸ ನನಗೆ ಪೂರ್ತಿ ಅರ್ಥವಾದದ್ದು ಆ ಅಂಗಡಿಯವರ ಮುಂದೆ ತಲೆ ತಗ್ಗಿಸಿ ನಿಂತಾಗ. ಮಕ್ಕಳೇ, ನೀವು ನಾಳೆ ಪ್ರೋಗ್ರಾಂ ಬರೆದರೆ, ಅದು ಆಗದ್ದನ್ನು ಆಗಲಿಲ್ಲ ಎಂದು ಹೇಳುವಂತೆ ಬರೆಯಿರಿ. ಹಿರಿಯರೇ, ಕಂಪ್ಯೂಟರಿನಲ್ಲಿ ಲೆಕ್ಕ ಬರೆದ ಮೇಲೆ ಒಮ್ಮೆ ಮುಚ್ಚಿ, ಮತ್ತೆ ತೆರೆದು ನೋಡಿ.